ಹೊರದೇಶದ ಹಾಲಿನ ಪುಡಿ: ಕೋಟಾ, ಸುಂಕ ಮತ್ತು ಪರವಾನಗಿ

ಹಾಲಿನ ಸಹಕಾರ ಸಂಘಗಳಿರುವ ಗ್ರಾಮಗಳಲ್ಲಿ ಸರ್ಕೀಟು ಮಾಡುವಾಗ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆಯುಂಟು: "ಸರ್ಕಾರದವರು ಹೊರದೇಶದಿಂದ ಹಾಲಿನ ಪುಡಿಯನ್ನು ತರಿಸುತ್ತಾರಂತೆ, ಇನ್ನು ನಮ್ಮ ಹಾಲನ್ನು ಕೇಳುವವರು ಯಾರು?" 2024ನೆಯ ಇಸವಿ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 10,000 ಟನ್ನು ಹಾಲಿನ ಪುಡಿಯನ್ನು ಕಡಮೆ ಸುಂಕದ ಮೇಲೆ ಆಮದು ಮಾಡಿಕೊಳ್ಳಲು ಅವಕಾಶವಿತ್ತು ಪ್ರಕಟನೆ ಹೊರಡಿಸಿದ ಮೇಲಂತೂ ಈ ಶಂಕೆ ಬಲವಾಯಿತು. ಕರೆಯುವ ಹಸುಗಳನ್ನು ಸಂತೆಗೆ ಹೊಡೆಯುವ ಮಾತನ್ನು ಆಡಿದವರೂ ಉಂಟು. ಆದುದರಿಂದ ಈ ಕೋಟಾ ಎಂದರೇನು, ಅದು ಯಾರ ಕೈಗೆ ಸಿಕ್ಕುತ್ತದೆ, ಅದಕ್ಕೆ ಬೇಕಾದ ಕಾಗದಪತ್ರಗಳಾವುವು ಎಂಬುದನ್ನು ಗ್ರಾಮಪ್ರಮುಖರೂ ಹಿಡುವಳಿದಾರರೂ ತಿಳಿದಿರುವುದು ಅವಶ್ಯಕವಾಗಿದೆ.

ಮೊದಲು ಪ್ರಮಾಣವನ್ನು ನೋಡೋಣ. 10,000 ಟನ್ನೆಂದರೆ 1 ಕೋಟಿ ಕಿಲೋ. ಒಂದು ಕಿಲೋ ಕೆನೆ ತೆಗೆದ ಪುಡಿಗೆ ಸುಮಾರು 11ರಿಂದ 12 ಲೀಟರ್ ಹಸುವಿನ ಹಾಲು ಬೇಕು. ಎಂದಮೇಲೆ ಇಡೀ ಕೋಟಾ ಸುಮಾರು 11-12 ಕೋಟಿ ಲೀಟರ್ ಹಾಲಿಗೆ ಸಮ. ಕರ್ನಾಟಕ ಹಾಲು ಮಹಾಮಂಡಳಿಯ ದಿನದ ಸಂಗ್ರಹಣೆಯು 2024ನೆಯ ಇಸವಿಯಲ್ಲಿ 1 ಕೋಟಿ ಲೀಟರನ್ನು ಮುಟ್ಟಿತು. ಇಡೀ ಭಾರತಕ್ಕೆಂದು ಇರುವ ವರ್ಷದ ಕೋಟಾ ನಮ್ಮ ಒಂದು ನಾಡಿನ ಸಂಘಗಳು ಹನ್ನೊಂದು ಹನ್ನೆರಡು ದಿನಗಳಲ್ಲಿ ಅಳೆದುಕೊಳ್ಳುವ ಹಾಲಿಗಿಂತ ಹೆಚ್ಚಿನದಲ್ಲವೆಂದಾಯಿತು. ಇಷ್ಟು ಸ್ವಲ್ಪಕ್ಕೆ ಹಸುವನ್ನು ಮಾರುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಆದರೆ ಸ್ವಲ್ಪವೆಂದು ಸುಮ್ಮನಿರುವುದೂ ತಕ್ಕದ್ದಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಪರದೇಶದ ಪುಡಿ ನಮಗೆ ಹೊಸತೇನೂ ಅಲ್ಲ. 1970ನೆಯ ಇಸವಿಯಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆಯ ಮೊದಲ ಮೂಲಧನವೇ ಯೂರೋಪಿನ ರಾಷ್ಟ್ರಗಳಿಂದ ದಾನವಾಗಿ ಬಂದ ಹಾಲಿನ ಪುಡಿ ಮತ್ತು ಬೆಣ್ಣೆಯೆಣ್ಣೆ. ಡಾಕ್ಟರ್ ವರ್ಗೀಸ್ ಕುರಿಯನ್ನರು ಅದನ್ನು ಪುಕ್ಕಟೆಯಾಗಿ ಹಂಚಗೊಡಿಸದೆ, ಪಟ್ಟಣಗಳ ಡೈರಿಗಳಲ್ಲಿ ಹಾಲಾಗಿ ಮಾಡಿಸಿ ಮಾರಿಸಿ, ಬಂದ ಹಣವನ್ನು ಹಳ್ಳಿಯ ಸಂಘಗಳ ಏರ್ಪಾಡಿಗೆ ತೊಡಗಿಸಿದರು. ಆಗ ಆಮದು ಒಂದೇ ಕೈಯಲ್ಲಿತ್ತು: ಸರ್ಕಾರದ ಭಾರತೀಯ ಡೈರಿ ಕಾರ್ಪೊರೇಷನ್ನಿನ ಮೂಲಕವಲ್ಲದೆ ಪುಡಿ ದೇಶದೊಳಕ್ಕೆ ಬರುವಂತಿರಲಿಲ್ಲ. 1987ರಲ್ಲಿ ಆ ಕಾರ್ಪೊರೇಷನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯಲ್ಲಿ ಲೀನವಾಯಿತು. ನಮ್ಮ ನಾಡಿನಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಯೋಜನೆ ಆರಂಭವಾದುದೂ ಈ ಕಾಲದಲ್ಲಿಯೇ.

ತೊಡಕು ಉಂಟಾದುದು ಆಮದು ಸಡಿಲವಾದ ಮೇಲೆ. ಗ್ಯಾಟ್ ಎಂಬ ಅಂತರರಾಷ್ಟ್ರೀಯ ಸುಂಕದ ಒಪ್ಪಂದದಲ್ಲಿ ನಮ್ಮ ದೇಶವು ಕೆನೆ ತೆಗೆದ ಪುಡಿಯ ಮೇಲೆ ಸುಂಕ ಹಾಕುವುದಿಲ್ಲವೆಂದು ಮಾತುಕೊಟ್ಟಿತ್ತು. ಬಾಗಿಲ ಬೀಗ ಸರ್ಕಾರದ ಕೈಯಲ್ಲಿರುವವರೆಗೆ ಆ ಮಾತಿನಿಂದ ಬಾಧಕವಿರಲಿಲ್ಲ. ಬೀಗ ತೆರೆದ ಮೇಲೆ, ತಮ್ಮ ಸರ್ಕಾರಗಳಿಂದ ಸಹಾಯಧನ ಪಡೆದ ಹೊರದೇಶದ ಪುಡಿಯು ಸುಂಕವಿಲ್ಲದೆ ಬಂದು ಬೀಳುವ ಅಪಾಯ ಕಾಣಿಸಿತು. ಆಗ ಭಾರತ ಸರ್ಕಾರವು ಆಯಾ ರಾಷ್ಟ್ರಗಳೊಡನೆ ಪುನಃ ಮಾತುಕತೆ ನಡೆಸಿ, 2000ದ ಇಸವಿಯಿಂದ ಪುಡಿಯ ಮೇಲೆ ಶೇಕಡ 60ರವರೆಗೆ ಸುಂಕ ವಿಧಿಸುವ ಹಕ್ಕನ್ನು ಸಂಪಾದಿಸಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 10,000 ಟನ್ನನ್ನು ಶೇಕಡ 15ರ ಸುಂಕದಲ್ಲಿ ಬಿಟ್ಟುಕೊಡಲು ಒಪ್ಪಿತು. ಇದೇ ಕೋಟಾ. ಎಂದರೆ, 2024ರ ಪ್ರಕಟನೆ ಹೊಸದಾಗಿ ಮಾಡಿದ ಉದಾರತೆಯಲ್ಲ. 2020ರ ಜೂನ್ ತಿಂಗಳಿನಲ್ಲಿಯೂ ಇಂಥದೇ ಪ್ರಕಟನೆ ಹೊರಟಿತ್ತು.

ಒಂದೇ ಸರಕಿಗೆ ಎರಡು ಸುಂಕ ಎಂಬುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಬಂದರಿಗೆ ಬಂದು ಸೇರಿದ ಪುಡಿಯ ಬೆಲೆ ಕಿಲೋಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಇತರ ಸಣ್ಣ ಕರಗಳನ್ನು ಬಿಟ್ಟರೆ, ಕೋಟಾದಲ್ಲಿ ತಂದವನಿಗೆ ಅದು 230 ರೂಪಾಯಿಗೆ ಬೀಳುತ್ತದೆ; ಕೋಟಾ ಇಲ್ಲದವನಿಗೆ 320. ಕಿಲೋ ಒಂದಕ್ಕೆ 90 ರೂಪಾಯಿಯ ಅಂತರ. ಇಡೀ ಕೋಟಾದ ಮೇಲೆ ಇದು 90 ಕೋಟಿ ರೂಪಾಯಿಯಾಗುತ್ತದೆ. ಒಂದು ಹಾಳೆಯ ಪರವಾನಗಿಗೆ ಇಷ್ಟು ಬೆಲೆ! ಇದು ಖಾಸಗಿ ವರ್ತಕನ ಕೈಗೆ ಸಿಕ್ಕಿದರೆ ಲಾಭವೆಲ್ಲ ಅವನದು. ಈ ಕಾರಣದಿಂದಲೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ರಾಷ್ಟ್ರೀಯ ಸಹಕಾರಿ ಹೈನು ಮಹಾಮಂಡಲ ಮುಂತಾದ ಸಹಕಾರಿ ಮತ್ತು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅರ್ಜಿ ಹಾಕಲು ಅರ್ಹತೆಯನ್ನಿಟ್ಟಿದ್ದಾರೆ. ಈ ನಿಬಂಧನೆಯೇ ರೈತನ ಪಾಲಿಗೆ ಅತಿ ಮುಖ್ಯವಾದುದೆಂದು ನಾನು ಎಣಿಸುತ್ತೇನೆ. ಮುಂದೆ ಎಂದಾದರೂ ಇದನ್ನು ಸಡಿಲಿಸುವ ಪ್ರಸ್ತಾಪ ಬಂದರೆ ನಮ್ಮ ಮುಖಂಡರು ಮೊದಲು ಆಕ್ಷೇಪಿಸಬೇಕಾದುದು ಇದನ್ನೇ, ಟನ್ನುಗಳ ಸಂಖ್ಯೆಯನ್ನಲ್ಲ.

ಇನ್ನು ಕಾಗದಪತ್ರಗಳ ವಿಚಾರ. ಆಮದು ಮಾಡುವ ಸಂಸ್ಥೆಗೆ ಮೊದಲು ಆಮದು-ರಫ್ತಿನ ಸಂಕೇತ ಸಂಖ್ಯೆ ಇರತಕ್ಕದ್ದು. ಆಮೇಲೆ ಕೋಟಾದಲ್ಲಿ ಪಾಲು ಕೇಳಿ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬೇಕು. ಅಲ್ಲಿಯ ಸಮಿತಿ ಹಂಚಿಕೆಯನ್ನು ಗೊತ್ತುಮಾಡುತ್ತದೆ. ಹೀಗೆ ದೊರೆತ ಪಾಲಿನ ಸರಕು ಮಾರ್ಚಿ 31ರೊಳಗಾಗಿ ಸುಂಕದ ಕಟ್ಟೆಯನ್ನು ದಾಟಿರಬೇಕು. ಹಿಂದಿನ ವರ್ಷದ ಪರವಾನಗಿಯನ್ನು ಮುಂದಿನ ವರ್ಷಕ್ಕೆ ಎಳೆಯಲಾಗದು.

ಇಷ್ಟರಿಂದಲೇ ಹಡಗು ಹೊರಡುವಂತಿಲ್ಲ. 1898ನೆಯ ಇಸವಿಯ ಜಾನುವಾರು ಆಮದು ಕಾಯಿದೆಯು ಮೊದಲಲ್ಲಿ ಜೀವಂತ ಪಶುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2001ರ ತಿದ್ದುಪಡಿಯಿಂದ ಹಾಲಿನ ಪದಾರ್ಥಗಳೂ ಅದರೊಳಗೆ ಸೇರಿದುವು. ಆದುದರಿಂದ ಕೇಂದ್ರದ ಪಶುಸಂಗೋಪನ ಇಲಾಖೆಯಿಂದ ಆರೋಗ್ಯ ಸಂಬಂಧವಾದ ಆಮದು ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಕಳುಹಿಸುವ ದೇಶದ ಸರ್ಕಾರಿ ಪಶುವೈದ್ಯರ ಪ್ರಮಾಣಪತ್ರವೂ ಸರಕಿನೊಡನೆ ಬರತಕ್ಕದ್ದು. ಆ ಹಾಲನ್ನು ಕೊಟ್ಟ ಹಸುಗಳಿಗೆ ದನ ಕುರಿಗಳ ಕರುಳು, ರಕ್ತ, ಮಾಂಸಗಳಿಂದ ಮಾಡಿದ ಮೇವನ್ನು ಎಂದೂ ತಿನ್ನಿಸಿಲ್ಲವೆಂದು ಅದರಲ್ಲಿ ರುಜುವಾಗಬೇಕು. ಹುಲ್ಲು ಹಿಂಡಿಗಳ ಹೊರತು ಬೇರೆ ತಿಳಿಯದ ನಮ್ಮ ರೈತರಿಗೆ ಇದು ಕೇಳಬಾರದ ಮಾತಾಗಿ ಕಂಡೀತು. ಆದರೆ ಅಂಥ ಮೇವಿನ ಅಭ್ಯಾಸ ಪಶ್ಚಿಮ ದೇಶಗಳಲ್ಲಿ ಇದ್ದಿತು; ದನಗಳಿಗೆ ಹುಚ್ಚುರೋಗ ಹರಡಿದುದೂ ಅದರಿಂದಲೇ. ಅಮೆರಿಕದವರು ಈ ನಿಬಂಧನೆಗೆ ಒಪ್ಪದ ಕಾರಣ 2003ರಿಂದ ಅವರ ಹಾಲಿನ ಪದಾರ್ಥಗಳಿಗೆ ಇಲ್ಲಿ ಅಡ್ಡಿಯುಂಟಾಯಿತು. ಶೇಕಡ 60ರ ಸುಂಕವು ಮಾಡದ ಕೆಲಸವನ್ನು ಈ ಒಂದು ವಾಕ್ಯ ಮಾಡಿದೆ.

ಬಂದರಿನಲ್ಲಿ ಪಶು ಕ್ವಾರಂಟೈನ್ ಅಧಿಕಾರಿಗಳೂ ಆಹಾರ ಸುರಕ್ಷತಾ ಪ್ರಾಧಿಕಾರದವರೂ ದಾಖಲೆಗಳನ್ನು ನೋಡಿ ಮಾದರಿಯನ್ನು ತೆಗೆಯುತ್ತಾರೆ. ಹಳೆಯ ದಾಸ್ತಾನು ಇಲ್ಲಿ ಬಂದು ಬೀಳದಂತೆ, ಬಾಳಿಕೆಯ ಅವಧಿಯಲ್ಲಿ ಶೇಕಡ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟಾದರೂ ಉಳಿದಿರಬೇಕೆಂದು ನಿಯಮವಿದೆ. ಚೀನಾ ದೇಶದ ಹಾಲಿನಲ್ಲಿ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದುದು 2008ರಲ್ಲಿ ಬಯಲಾದಾಗ ಅಲ್ಲಿಯ ಹಾಲಿನ ಪದಾರ್ಥಗಳನ್ನೇ ನಮ್ಮ ಸರ್ಕಾರವು ನಿಷೇಧಿಸಿತು. ನೀರು ಬೆರೆಸಿದ ಹಾಲಿನಲ್ಲಿ ಸಸಾರಜನಕದ ಅಂಶ ಹೆಚ್ಚಾಗಿ ಕಾಣಿಸಲೆಂದು ಮಾಡಿದ ಮೋಸವದು. ನಮ್ಮಲ್ಲಿಯೂ ಲ್ಯಾಕ್ಟೋಮೀಟರಿಗೆ ಮೋಸಮಾಡಲು ಸಕ್ಕರೆ ಬೆರೆಸುವ ಜಾಣರಿದ್ದಾರೆ. ಅವರು ಈ ಪ್ರಸಂಗವನ್ನು ಕೇಳಿರಲಿ.

ಈಗ, ಸ್ವಲ್ಪವಾದರೂ ಎಚ್ಚರಿಕೆ ಬೇಕೆಂದುದೇಕೆ? ಮಳೆಗಾಲದಲ್ಲಿಯೂ ಅದರ ಮುಂದಿನ ತಿಂಗಳುಗಳಲ್ಲಿಯೂ ಹಸಿಮೇವು ಹೆಚ್ಚಿ ಹಾಲು ಏರುತ್ತದೆ. ಮಾರಿ ಮಿಕ್ಕ ಹಾಲನ್ನು ಒಕ್ಕೂಟಗಳು ಪುಡಿಮಾಡದೆ ಗತಿಯಿಲ್ಲ. ನೂರು ಲೀಟರ್ ಹಾಲಿಗೆ ಸುಮಾರು ಎಂಟೂವರೆ ಒಂಬತ್ತು ಕಿಲೋ ಪುಡಿ ಸಿಕ್ಕುವುದರಿಂದ, ಪುಡಿಯ ಧಾರಣೆ ಕಿಲೋಗೆ 10 ರೂಪಾಯಿ ಇಳಿದರೆ ಪುಡಿಮಾಡಿದ ಹಾಲಿನ ಮೇಲೆ ಲೀಟರಿಗೆ 85-90 ಪೈಸೆ ನಷ್ಟವಾಗುತ್ತದೆ. ಉಗ್ರಾಣಗಳು ತುಂಬಿರುವಾಗ ಆಮದಿನ ಸುದ್ದಿಯೊಂದೇ ಕೊಳ್ಳುವ ವರ್ತಕರನ್ನು ಕಾಯುವಂತೆ ಮಾಡಿ ಧಾರಣೆಯನ್ನು ಕುಗ್ಗಿಸಬಲ್ಲದು. ಇದಕ್ಕೆ ವಿರುದ್ಧವಾಗಿ ಬೇಸಗೆಯ ಕೊರತೆಯಲ್ಲಿ ಅದೇ ಪುಡಿ ಬಂದರೆ ಪಟ್ಟಣದ ಹಾಲಿಗೆ ಆಧಾರವಾಗುವುದೇ ಹೊರತು ಹಳ್ಳಿಗೆ ಹಾನಿಯಿಲ್ಲ. 2011ರಲ್ಲಿ ಕೊರತೆಯುಂಟಾದಾಗ ಫೆಬ್ರವರಿಯಲ್ಲಿ ಪುಡಿಯ ರಫ್ತನ್ನು ನಿಲ್ಲಿಸಿದರು. ಕೊರತೆ ಕಳೆದು ಪುಡಿ ರಾಶಿಬಿದ್ದ ಮೇಲೆ, 2012ರ ಜೂನ್ ತಿಂಗಳಿನಲ್ಲಿ ಆ ನಿಷೇಧ ತೆಗೆಯಲ್ಪಟ್ಟಿತು. ಹಾಲಿನ ಕಾಲ ತಿಂಗಳಿಗೊಮ್ಮೆ ತಿರುಗುತ್ತದೆ, ಕಡತವು ಅಷ್ಟು ಬೇಗ ತಿರುಗದು. ನನಗೆ ಕೋಟಾದ ಗಾತ್ರಕ್ಕಿಂತ ಇದೇ ಹೆಚ್ಚು ಚಿಂತೆಯ ವಿಷಯವಾಗಿ ತೋರುತ್ತದೆ.

ಪ್ರಕಟನೆ ಹೊರಟ ಮಾತ್ರಕ್ಕೆ ಸರಕು ಬಂದಿತೆಂದೂ ತಿಳಿಯಬಾರದು. ಹೊರದೇಶದ ಬೆಲೆಗೆ ಸಾಗಣೆಯನ್ನೂ ಶೇಕಡ 15ನ್ನೂ ಸೇರಿಸಿದಾಗ ನಮ್ಮ ಪೇಟೆಯ ಧಾರಣೆಗಿಂತ ಹೆಚ್ಚಾದರೆ ಪರವಾನಗಿಯಿದ್ದರೂ ತರಿಸುವವರಿರುವುದಿಲ್ಲ.

ಕೋಟಾದ ಹೊರಗೆ ಇನ್ನೊಂದು ದಾರಿಯುಂಟು. ಅದು ರಾಷ್ಟ್ರ ರಾಷ್ಟ್ರಗಳ ವ್ಯಾಪಾರ ಒಪ್ಪಂದಗಳದು. ನ್ಯೂಜಿಲೆಂಡ್, ಆಸ್ಟ್ರೇಲಿಯ ಮುಂತಾದ ಹೈನುಪ್ರಧಾನ ದೇಶಗಳು ಸೇರಿದ್ದ ಆರ್‌ಸೆಪ್ ಒಪ್ಪಂದದಿಂದ ಭಾರತವು 2019ರ ನವೆಂಬರ್ 4ರಂದು ಹಿಂದೆ ಸರಿಯಿತು. ಹಾಲು ಉತ್ಪಾದಕರ ವಿರೋಧವು ಅದಕ್ಕೆ ಒಂದು ಕಾರಣವಾಗಿತ್ತು. 2025ರ ಜುಲೈ ತಿಂಗಳಿನಲ್ಲಿ ಬ್ರಿಟನ್ನಿನೊಡನೆ ರುಜುವಾದ ಒಪ್ಪಂದದಲ್ಲಿಯೂ ಹಾಲಿನ ಪದಾರ್ಥಗಳಿಗೆ ಸುಂಕದ ರಿಯಾಯಿತಿ ಕೊಟ್ಟಿಲ್ಲ.

ಸಂಘಗಳ ವಾರ್ಷಿಕ ಮಹಾಸಭೆಗಳಿಗೂ ಒಕ್ಕೂಟದ ಸಭೆಗೂ ಹೋಗುವ ಪ್ರತಿನಿಧಿಗಳು ಮೂರು ಅಂಶಗಳನ್ನು ಕೇಳಿ ಬರೆದುಕೊಂಡು ಬರಬೇಕೆಂದು ಸೂಚಿಸುತ್ತೇನೆ. ಒಕ್ಕೂಟದ ಉಗ್ರಾಣದಲ್ಲಿರುವ ಪುಡಿ ಎಷ್ಟು ಟನ್ನು? ಕಳೆದ ವರ್ಷ ಯಾವ ಯಾವ ತಿಂಗಳಲ್ಲಿ ಎಷ್ಟು ಹಾಲನ್ನು ಪುಡಿಮಾಡಲಾಯಿತು? ಆ ಪುಡಿ ಯಾವ ಧಾರಣೆಗೆ ಹೋಯಿತು? ಆಮದನ್ನು ಯಾವ ತಿಂಗಳಲ್ಲಿ ಬಿಡಬೇಕು, ಯಾವ ತಿಂಗಳಲ್ಲಿ ತಡೆಯಬೇಕು ಎಂದು ಮಹಾಮಂಡಳಿಯ ಮೂಲಕ ದೆಹಲಿಗೆ ಮನವಿಮಾಡುವಾಗ ಈ ಅಂಕಿಗಳು ಜೊತೆಗಿರಬೇಕು. ಹೊಸ ಆರ್ಥಿಕ ವರ್ಷದ ಕೋಟಾ ಏಪ್ರಿಲ್ 1ರಿಂದ ಲೆಕ್ಕವಾಗುವುದರಿಂದ, ಮನವಿಯು ಸಂಕ್ರಾಂತಿಯೊಳಗಾಗಿ ಹೊರಡುವುದು ಮೇಲು.