ಒತ್ತಡವೂ ಓಲೆಯೂ

ರಕ್ತದೊತ್ತಡ ಇಳಿಸಲು ನರಗಳ ಮೇಲೆ ಕೈಮಾಡುವುದು ಹೊಸ ಯೋಚನೆಯೇನಲ್ಲ. ತಕ್ಕ ಔಷಧಿಗಳಿಲ್ಲದ 1930, 40ರ ದಶಕಗಳಲ್ಲಿ ಅಮೆರಿಕದ ಶಸ್ತ್ರವೈದ್ಯರು ಬೆನ್ನೆಲುಬಿನ ಇಕ್ಕೆಲದ ನರಗಳನ್ನೇ ಕತ್ತರಿಸುತ್ತಿದ್ದರು. ಒತ್ತಡವೇನೋ ಹಲವರಲ್ಲಿ ಇಳಿಯುತ್ತಿತ್ತು. ಎದ್ದು ನಿಂತೊಡನೆ ತಲೆಸುತ್ತಿ ಬೀಳುವ ಪಾಡೂ ಬೆನ್ನಿಗೇ ಬರುತ್ತಿತ್ತು. ಮಾತ್ರೆಗಳು ಬಂದವು, ಕತ್ತರಿ ಮೂಲೆ ಸೇರಿತು.

ಇಂದಿನ ವಿಧಾನ ಸೌಮ್ಯವಾದುದು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯೊಂದನ್ನು ಮೂತ್ರಪಿಂಡದ ಅಪಧಮನಿಗೆ ಒಯ್ದು, ಅದರ ಗೋಡೆಯ ಹೊರಮೈಯ ನರಗಳನ್ನು ರೇಡಿಯೋ ತರಂಗದ ಅಥವಾ ಅಲ್ಟ್ರಾಸೌಂಡಿನ ಶಾಖದಿಂದ ಸುಡುತ್ತಾರೆ. ಎರಡೂ ಬಗೆಯ ಉಪಕರಣಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ನವೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಸಫಲವಾದ ಪ್ರಯೋಗಗಳಲ್ಲಿಯೂ ಸೋಗಿನ ಚಿಕಿತ್ಸೆಗಿಂತ ಹೆಚ್ಚಾಗಿ ಇಳಿದದ್ದು ಸರಾಸರಿ ನಾಲ್ಕರಿಂದ ಆರು ಮಿಲಿಮೀಟರ್. ಆದುದರಿಂದ ಯಾರನ್ನು ಇದಕ್ಕೆ ಕಳುಹಿಸಬೇಕೆಂಬುದೇ ದೊಡ್ಡ ಪ್ರಶ್ನೆ.

ಇದಕ್ಕೆ 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಕಣ್ಣು ತೆರೆಸುತ್ತದೆ. ಅಮೆರಿಕದ 535 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ನಳಿಕೆಯ ಸೋಗು. ಆರು ತಿಂಗಳ ಬಳಿಕ ಮೊದಲಿನವರಲ್ಲಿ 14, ಸೋಗಿನವರಲ್ಲಿಯೂ ಸುಮಾರು 12 ಮಿಲಿಮೀಟರ್ ಇಳಿದಿತ್ತು! ತಮ್ಮ ಮೇಲೆ ಯಾರೋ ಕಣ್ಣಿಟ್ಟಿದ್ದಾರೆಂದು ತಿಳಿದು ಜನ ಮಾತ್ರೆಗಳನ್ನು ಸರಿಯಾಗಿ ನುಂಗಿದ್ದೂ ಒಂದು ಕಾರಣವಿದ್ದೀತೆಂದು ತಜ್ಞರು ಊಹಿಸಿದರು. ಔಷಧಿಗೆ ಮಣಿಯದ ಒತ್ತಡ ಎಂಬುದು ಎಷ್ಟೋ ವೇಳೆ ನುಂಗದ ಮಾತ್ರೆಯ ಇನ್ನೊಂದು ಹೆಸರು.

ನಮ್ಮ ಊರುಗಳಲ್ಲಿ ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು’ ಎನ್ನುತ್ತೇವೆ. ಬರೆದುಕೊಟ್ಟದ್ದಾದರೂ ಏನು? ‘ಬಿ.ಪಿ. ಹೆಚ್ಚು’ ಎಂಬ ಎರಡು ಪದವಿದ್ದರೆ ಅದು ಓಲೆಯಲ್ಲ, ಕೈತೊಳೆದುಕೊಂಡ ಗುರುತು. ಮೂತ್ರ ಹೆಚ್ಚಿಸುವ ಒಂದನ್ನು ಒಳಗೊಂಡು ಮೂರು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟದ್ದುಂಟೆ, ರೋಗಿ ಅವನ್ನು ತಪ್ಪದೆ ಸೇವಿಸಿದ್ದುಂಟೆ, ಅದರಲ್ಲಿ ಬರೆದಿರಬೇಕು. ವೈದ್ಯರ ಬಿಳಿ ಅಂಗಿ ಕಂಡೊಡನೆ ಏರುವ ಒತ್ತಡ ಮನೆಯ ಅಳತೆಯಲ್ಲಿ ಕಾಣಿಸದು. ಆದ್ದರಿಂದ ಮನೆಯ ಅಥವಾ ಇಪ್ಪತ್ತನಾಲ್ಕು ಗಂಟೆಯ ಅಳತೆಗಳೂ ಬೇಕು. ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್ ಅತಿಯಾದರೆ, ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಮದ್ದೇ ಬೇರೆ. ಅಂಥವರಿಗೆ ನಳಿಕೆ ತೂರಿಸುವುದು ಅನ್ಯಾಯ. ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ 40 ಮಿಲಿಲೀಟರಿಗಿಂತ ಕುಗ್ಗಿದವರಿಗೆ ಯುರೋಪಿನ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಅಪಧಮನಿಯ ಚಿತ್ರ ನೋಡದೆ ಕೈಯಿಡುವಂತೆಯೂ ಇಲ್ಲ.

ಇನ್ನೊಂದು ತಪ್ಪು ಇದರ ವಿರುದ್ಧ ದಿಕ್ಕಿನದು. ನಾಲ್ಕೈದು ಮಾತ್ರೆ ನುಂಗಿಯೂ 170ರಲ್ಲೇ ನಿಂತವರು ವರ್ಷಗಟ್ಟಲೆ ಅದೇ ಚೀಟಿಯನ್ನು ನವೀಕರಿಸಿಕೊಳ್ಳುತ್ತಿರುತ್ತಾರೆ. ಪಾರ್ಶ್ವವಾಯು ಬಡಿದ ದಿನವೇ ಅವರನ್ನು ದೊಡ್ಡಾಸ್ಪತ್ರೆಗೆ ಹೊರಡಿಸುವುದು. ಕಳುಹಿಸುವ ವೈದ್ಯರಿಗೂ ಪಡೆಯುವ ಕೇಂದ್ರಕ್ಕೂ ನಡುವೆ ಹೊಣೆಹೊತ್ತ ದಾದಿಯೋ ಗುಮಾಸ್ತನೋ ಒಬ್ಬರಿದ್ದರೆ, ಬಂದ ಓಲೆಯಲ್ಲಿ ಏನು ಕೊರತೆಯೆಂದು ಕೂಡಲೇ ಕೇಳಿ ತರಿಸಬಹುದು. ಹೃದಯತಜ್ಞರೂ ಮೂತ್ರಪಿಂಡತಜ್ಞರೂ ಕೂಡಿ ನೋಡಿ, ಬೇಡವೆಂದರೆ ಏಕೆ ಬೇಡವೆಂದೂ ತಿಳಿಸಬಹುದು. ಕೊನೆಯ ತೀರ್ಮಾನದಲ್ಲಿ ರೋಗಿಯ ಇಚ್ಛೆಗೂ ಪಾಲಿದೆ; ಮಾತ್ರೆ ಪೂರ್ತಿ ತಪ್ಪೀತೆಂಬ ಆಸೆ ಹುಟ್ಟಿಸಿ ಒಪ್ಪಿಸಬಾರದು.

ಓಲೆಗೆ ಮಾರೋಲೆ ಬೇಕು. ಯಾವ ಮಾತ್ರೆ ಮುಂದುವರಿಯಬೇಕು, ರಕ್ತ ಮತ್ತು ಮೂತ್ರಪಿಂಡದ ಪರೀಕ್ಷೆ ಮತ್ತೆ ಯಾವಾಗ ಎಂದು ಬರೆದ ಕಾಗದ, ರೋಗಿ ಊರಿಗೆ ಮರಳುವ ಮೊದಲೇ ಊರಿನ ವೈದ್ಯರ ಮೇಜಿನ ಮೇಲಿರಬೇಕು.