ಸಂಧಿವಾತ: ನೋವಿನ ಮಾತ್ರೆ ಬೇರೆ, ಜೈವಿಕ ಔಷಧಿ ಬೇರೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂತಹ ಊರುಗಳಲ್ಲಿ ಕೀಲು ನೋವು ಬಂದರೆ ಮೊದಲು ನೆನಪಾಗುವುದು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಎರಡು ದಿನದ ನೋವಿಗೆ ಅದು ಸರಿ. ಆದರೆ ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡು, ಹೀಗೆಯೇ ಆರು ವಾರ ಕಳೆದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳು ನೋವು, ಊತ ಹುಟ್ಟಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಗ್ಗಿಸುತ್ತವೆ, ಅಷ್ಟೇ. ದಾಳಿ ನಿಲ್ಲುವುದಿಲ್ಲ. ನೋವಿಲ್ಲವೆಂದು ನೆಮ್ಮದಿಯಿಂದಿದ್ದರೂ ಒಳಗೆ ಮೂಳೆ ಸವೆಯುತ್ತಿರಬಹುದು. ಸವೆದ ಮೂಳೆ ಮತ್ತೆ ಮೊದಲಿನಂತಾಗುವುದು ಕಷ್ಟ.

ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಇದು ಕಾಯಿಲೆಯನ್ನೇ ಹತೋಟಿಗೆ ತರುವ ಮಾತ್ರೆ, ದುಬಾರಿಯೂ ಅಲ್ಲ. ನೆನಪಿಡಿ: ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರಿಗೆ ಇದು ಸಲ್ಲದು.

ಇದರಿಂದ ಸಾಕಷ್ಟು ಗುಣ ಕಾಣದಿದ್ದರೆ ಜೈವಿಕ ಔಷಧಿಯ ಸರದಿ. ಇವು ಜೀವಕೋಶಗಳಲ್ಲಿ ತಯಾರಾಗುವ ಪ್ರೋಟೀನ್‌ಗಳು. ನುಂಗಿದರೆ ಜೀರ್ಣವಾಗಿಬಿಡುವುದರಿಂದ ಇಂಜೆಕ್ಷನ್ ಅಥವಾ ಡ್ರಿಪ್ ಮೂಲಕವೇ ಕೊಡುತ್ತಾರೆ. ಅಡಾಲಿಮುಮಾಬ್, ಎಟನರ್ಸೆಪ್ಟ್ ಔಷಧಿಗಳು ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುತ್ತವೆ. 2014ರಲ್ಲಿ ಭಾರತದ ಝೈಡಸ್ ಕಂಪನಿ ಅಡಾಲಿಮುಮಾಬ್‌ನ ಸಮಾನ ಔಷಧಿಯನ್ನು ಕಡಿಮೆ ಬೆಲೆಗೆ ಹೊರತಂದಿತು. ಆದರೂ ಬಡವರಿಗೆ ಇದು ಈಗಲೂ ಭಾರವೇ.

ಟಿಎನ್‌ಎಫ್ ತಡೆದಾಗ ದೇಹದಲ್ಲಿ ಸುಪ್ತವಾಗಿರುವ ಕ್ಷಯ ಎಚ್ಚರಗೊಳ್ಳಬಹುದು. ಆದ್ದರಿಂದ ಚಿಕಿತ್ಸೆ ಶುರು ಮಾಡುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಚಿಕಿತ್ಸೆಯ ನಡುವೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಹಾಗೆಂದು ನೋವಿನ ಮಾತ್ರೆ ನಿರುಪಯೋಗಿಯಲ್ಲ. ಯುವಕರ ಬೆನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಅದೇ ಮೊದಲ ಔಷಧಿ.

ನಮ್ಮ ಶ್ರಾವಕ ಶ್ರಾವಕಿಯರಿಗೆ ಎರಡು ಮಾತು. ದಶಲಕ್ಷಣ ಪರ್ವದ ಉಪವಾಸದಲ್ಲಿ, ಅದರಲ್ಲೂ ನೀರು ಬಿಟ್ಟಾಗ, ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿ. ಎರಡನೆಯದು, ಮೇಲೆ ಹೇಳಿದ ಎರಡೂ ಜೈವಿಕ ಔಷಧಿಗಳು ತಯಾರಾಗುವುದು 1957ರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ಪಡೆದು, ಅಂದಿನಿಂದ ಪ್ರಯೋಗಾಲಯದಲ್ಲೇ ಬೆಳೆಸುತ್ತಾ ಬಂದ ಜೀವಕೋಶಗಳಲ್ಲಿ. ಪ್ರತಿ ಡೋಸಿಗೂ ಪ್ರಾಣಿಯನ್ನು ಕೊಲ್ಲುವುದಿಲ್ಲ. ಇಷ್ಟು ತಿಳಿದು ತೀರ್ಮಾನ ನಿಮ್ಮದು.

ಕೀಲಿನ ಊತ ಆರು ವಾರ ದಾಟಿದರೆ ಮಾತ್ರೆ ಬದಲಿಸುತ್ತಾ ಕೂರದೆ ರುಮಟಾಲಜಿ ತಜ್ಞರನ್ನು ಕಾಣಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಹೋಗುವಾಗ ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ.