ಎರಡಾಣೆಯ ಬ್ಯಾಂಕು

ಕರಾವಳಿಯ ಯಾವುದೇ ಪೇಟೆಯಲ್ಲಿ ‘ಪಿಗ್ಮಿಯವರು ಬಂದ್ರು’ ಎಂದರೆ ವಿವರಿಸಿ ಹೇಳಬೇಕಿಲ್ಲ. ಗೂಡಂಗಡಿಯವರು, ಹೂ ಮಾರುವವರು, ಕ್ಷೌರದಂಗಡಿಯವರು ಆ ದಿನದ ವ್ಯಾಪಾರದಿಂದ ಒಂದಷ್ಟು ತೆಗೆದು ಕೊಡುತ್ತಾರೆ. ಬಂದವರು ಬರೆದುಕೊಂಡು ಮುಂದಿನ ಅಂಗಡಿಗೆ ನಡೆಯುತ್ತಾರೆ. ಪಿಗ್ಮಿ ಎಂಬ ಈ ದಿನವಹಿ ಬ್ಯಾಂಕ್ ಠೇವಣಿಯ ಪದ್ಧತಿ ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ.

ಅದಕ್ಕೂ ಮೂರು ವರ್ಷ ಮೊದಲು ವೈದ್ಯ ಡಾ. ಟಿ.ಎಂ.ಎ. ಪೈ, ಅವರ ಅಣ್ಣ, ವ್ಯಾಪಾರಿ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಕಟ್ಟಿದ್ದರು. ಬಂಡವಾಳ 8,000 ರೂಪಾಯಿ. ಕೈಮಗ್ಗ ಸೊರಗಿ ನೇಕಾರರು ಕಂಗಾಲಾಗಿದ್ದ ಕಾಲವದು. ಅವರಿಗೆ ಆಸರೆಯಾಗುವುದೇ ಮೊದಲ ಉದ್ದೇಶ. ಆದರೆ ಸಾಲ ಕೊಡಲು ದುಡ್ಡು ಬೇಕಲ್ಲ! ಉಳ್ಳವರ ಠೇವಣಿಗಾಗಿ ಕಾಯುವ ಬದಲು ಬ್ಯಾಂಕು ಬಡವರ ಬಾಗಿಲಿಗೇ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ರೂಪಾಯಿಗೆ ಹದಿನಾರು ಆಣೆಯ ಲೆಕ್ಕದಲ್ಲಿ ಒಂದು ರೂಪಾಯಿ ಕೂಡಲು ಎಂಟು ದಿನ.

ಇಷ್ಟು ಚಿಲ್ಲರೆಗಾಗಿ ಆಳು ಕಳಿಸುವುದು ಖರ್ಚಿನ ಬಾಬತ್ತು, ನಿಜ. ಆದರೆ ಸಿಕ್ಕಿದ್ದನ್ನೂ ನೋಡಬೇಕು. ಒಬ್ಬ ಸಾಹುಕಾರ ಠೇವಣಿ ಹಿಂತೆಗೆದರೆ ಸಣ್ಣ ಬ್ಯಾಂಕು ನಡುಗುತ್ತದೆ. ನೂರಾರು ಜನರ ಪುಡಿಗಾಸು ಒಂದೇ ದಿನ ಖಾಲಿಯಾಗುವುದಿಲ್ಲ. ದಿನವೂ ಅಂಗಡಿಗೆ ಬರುವವನಿಗೆ ಯಾರ ವ್ಯಾಪಾರ ಏರಿತು, ಯಾರದು ಇಳಿಯಿತು ಎಂಬುದು ತಾನಾಗಿ ತಿಳಿಯುತ್ತದೆ. ಸಾಲ ಕೊಡುವವರಿಗೆ ಇದಕ್ಕಿಂತ ನಂಬಿಕಸ್ಥ ಮಾಹಿತಿ ಎಲ್ಲಿದೆ? ಇವತ್ತು ಇಟ್ಟವರೇ ನಾಳೆ ಸಾಲಗಾರರಾಗುತ್ತಾರೆ, ನಾಡಿದ್ದು ಅವರ ಮಕ್ಕಳು ಖಾತೆ ತೆರೆಯುತ್ತಾರೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ, 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾಗುವಷ್ಟು ಬೆಳೆದಿತ್ತು. 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈಗ ‘ಸಿಎಸ್‌ಆರ್’ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಎಂದರೆ ನೆನಪಾಗುವುದು ಬೇರೆಯೇ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಶಾಲೆಗೆ ಶೌಚಾಲಯ, ಊರಿಗೆ ನೀರಿನ ಘಟಕ ಬಂದಿವೆ, ಬೇಡವೆನ್ನುವವರಾರು? ಆದರೆ ಮಾರ್ಚ್ ಸಮೀಪಿಸಿದಾಗ ಹುಡುಕಿ ಕೊಡುವ ಶೇ 2, ಉಳಿದ ಶೇ 98 ಹೇಗೆ ಬಂತೆಂದು ಕೇಳುವುದಿಲ್ಲ. ಪಿಗ್ಮಿಯಲ್ಲಿ ಲಾಭವೂ ಉಪಕಾರವೂ ಒಂದೇ ಕಡತದಲ್ಲಿದ್ದವು. ಅದು ಬಾಳಿದ್ದೂ ಆ ಕಾರಣಕ್ಕೇ ಎಂದು ನನ್ನ ಅಂದಾಜು.

ಹಾಗೆಂದು ಈ ಕಥೆಗೆ ಕಲೆಯೇ ಇಲ್ಲವೆಂದಲ್ಲ. ಬಿಸಿಲು ಮಳೆಯೆನ್ನದೆ ಹಣ ತಂದವರಿಗೆ ಸಿಗುತ್ತಿದ್ದುದು ಸಂಬಳವಲ್ಲ, ಕಮಿಷನ್. ಅವರು ನೌಕರರೇ ಅಲ್ಲವೆಂಬ ವಾದ ಹಿಡಿದು ಬ್ಯಾಂಕುಗಳ ಸಂಘ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಠೇವಣಿ ಸಂಗ್ರಾಹಕರೂ ಕಾರ್ಮಿಕರೇ, ಅವರ ಕಮಿಷನ್ ಕೂಡ ಕೂಲಿಯೇ ಎಂದು ನ್ಯಾಯಾಲಯ ತೀರ್ಪಿತ್ತದ್ದು 2001ರಲ್ಲಿ. ಪಿಗ್ಮಿ ಶುರುವಾಗಿ ಆಗಲೇ 73 ವರ್ಷವಾಗಿತ್ತು.